ಹಳೆಯ ಕಾರಿನ ದುರಸ್ತಿ: ಮೂಗಿಗಿಂತ ಮೂಗುತಿ ಭಾರವೇ?

ಹದಿನೈದು ವರ್ಷ ದುಡಿದ ಕುಟುಂಬದ ಕಾರು ಪ್ರತಿ ಗುಂಡಿಗೂ ಸದ್ದು ಮಾಡತೊಡಗುತ್ತದೆ. ಪರೀಕ್ಷಿಸಿದ ಮೆಕ್ಯಾನಿಕ್, ಸಸ್ಪೆನ್ಷನ್ ಭಾಗಗಳನ್ನೆಲ್ಲ ಬದಲಿಸಬೇಕೆಂದು ಇಪ್ಪತ್ತೈದು ಸಾವಿರ ರೂಪಾಯಿಗಳ ಅಂದಾಜು ಪಟ್ಟಿ ಕೊಡುತ್ತಾನೆ ಎಂದುಕೊಳ್ಳೋಣ. ಮಾರಿದರೆ ಐವತ್ತು ಸಾವಿರವೂ ಬಾರದ ಗಾಡಿಗೆ ಇಷ್ಟೊಂದು ಖರ್ಚೇ ಎಂಬ ಪ್ರಶ್ನೆ ಮಧ್ಯಮ ವರ್ಗದ ಯಾವ ಮನೆಯಲ್ಲಾದರೂ ಏಳುವಂಥದೇ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ನೆನಪಾಗುತ್ತದೆ. ಬಳಿಕ ಕೆಲವರು ಸೋರುತ್ತಿರುವ ಒಂದೇ ಒಂದು ಶಾಕ್ ಅಬ್ಸಾರ್ಬರ್ ಬದಲಿಸಿ ದಿನ ದೂಡುತ್ತಾರೆ. ಇನ್ನು ಕೆಲವರು ಸಾಲ ಮಾಡಿ ಹೊಸ ಕಾರು ಕೊಳ್ಳುತ್ತಾರೆ. ಈ ಎರಡು ತೀರ್ಮಾನಗಳಿಗೂ ಆಧಾರವಾಗಿರುವ ಲೆಕ್ಕವೇ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಳೆಯ ಕಾರಿನ ಮಾರುಕಟ್ಟೆ ಬೆಲೆ ಏಕೆ ಅಷ್ಟು ಕಡಿಮೆ? ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದೇ ಉದಾಹರಣೆಯನ್ನು ಎತ್ತಿಕೊಂಡಿದ್ದರು. 2001ರಲ್ಲಿ ನೊಬೆಲ್ ಗೌರವಕ್ಕೆ ಪಾತ್ರರಾದವರಲ್ಲಿ ಅವರೂ ಒಬ್ಬರು. ಮಾರುವವನಿಗೆ ತನ್ನ ಕಾರಿನ ಗುಣದೋಷ ಗೊತ್ತಿರುತ್ತದೆ, ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರುಗಳನ್ನೂ ಅನುಮಾನದಿಂದಲೇ ನೋಡಿ ಬೆಲೆ ತಗ್ಗಿಸುತ್ತಾನೆ. ಅಂದರೆ ಆ ಐವತ್ತು ಸಾವಿರದಲ್ಲಿ ಕೊಳ್ಳುವವನ ಅನುಮಾನದ ಪಾಲೂ ಸೇರಿದೆ. ಕಾಲಕಾಲಕ್ಕೆ ಎಣ್ಣೆ ಬದಲಿಸಿ, ಒಂದೇ ಕೈಯಲ್ಲಿ ಓಡಿಸಿಕೊಂಡು ಬಂದ ಮಾಲೀಕನಿಗೆ ಆ ಅನುಮಾನದ ಅಗತ್ಯವಿಲ್ಲ. ತನ್ನ ಕಾರಿನ ಎಂಜಿನ್ ಇನ್ನೂ ಐದು ವರ್ಷ ಬಾಳುತ್ತದೆಯೇ ಎಂಬುದನ್ನು ಅವನು ಮಾರುಕಟ್ಟೆಗಿಂತ ಚೆನ್ನಾಗಿ ಬಲ್ಲ.

ಆದ್ದರಿಂದ ದುರಸ್ತಿಯ ವೆಚ್ಚವನ್ನು ಕಾರಿನಿಂದ ಮುಂದೆ ದೊರೆಯಲಿರುವ ಸೇವೆಯೊಡನೆ ತೂಗಿ ನೋಡಬೇಕು. ಇಪ್ಪತ್ತೈದು ಸಾವಿರ ರೂಪಾಯಿಗಳನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಐದು ಸಾವಿರ. ಏಳು ಲಕ್ಷದ ಹೊಸ ಕಾರು ಕೊಂಡರೆ, ಶೇ 7ರ ದರದಲ್ಲಿ ಕೈಬಿಟ್ಟ ಬಡ್ಡಿಯೇ ಮೊದಲ ವರ್ಷ 49 ಸಾವಿರ. ಸವಕಳಿ ಮತ್ತು ಹೆಚ್ಚುವರಿ ವಿಮೆಯ ಲೆಕ್ಕ ಬೇರೆ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿದ್ದು ನಿಜ. ಅದನ್ನು ಸೇರಿಸಿದರೂ ಹಳೆಯ ಕಾರಿನ ತಕ್ಕಡಿಯೇ ಹಗುರ.

ಇದಕ್ಕೊಂದು ಅಪವಾದವಿದೆ. ಮುಂಭಾಗದ ಸ್ಟ್ರಟ್ ಬಂದು ಕೂರುವ ತಗಡಿಗೆ ಅಥವಾ ತಳಭಾಗಕ್ಕೆ ತುಕ್ಕು ಹಿಡಿದಿದ್ದರೆ ಹೊಸ ಬಿಡಿಭಾಗಕ್ಕೆ ಹಣ ಸುರಿಯುವುದು ವ್ಯರ್ಥ. ಮಂಗಳೂರು, ಕಾರವಾರದಂಥ ಕರಾವಳಿ ಊರುಗಳಲ್ಲಿ ಓಡಿದ ಕಾರುಗಳಲ್ಲಿ ಇದನ್ನು ಮೊದಲು ಪರೀಕ್ಷಿಸಬೇಕು.

ಸಸ್ಪೆನ್ಷನ್ ಎಂದರೆ ಕೇವಲ ಕುಳಿತವರ ಸುಖ ಎಂಬ ಕಲ್ಪನೆಯೂ ವ್ಯಾಪಕವಾಗಿದೆ. ವಾಸ್ತವವಾಗಿ ಗುಂಡಿಯ ಪೆಟ್ಟನ್ನು ತಾಳುವುದು ಸ್ಪ್ರಿಂಗ್; ಪೆಟ್ಟು ತಿಂದ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರ್. ಅದು ಸವೆದಾಗ ಚಕ್ರ ನೆಲವನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ. ನೆಲ ಮುಟ್ಟದ ಟೈರಿಗೆ ಬ್ರೇಕ್ ಹಿಡಿಯುವ ಶಕ್ತಿಯೂ ಇಲ್ಲ, ತಿರುವಿನಲ್ಲಿ ಹಿಡಿತವೂ ಇಲ್ಲ. ಎಣ್ಣೆಯ ಸೋರಿಕೆ, ಟೈರಿನ ಮೇಲೆ ಅಲೆಅಲೆಯಾದ ಸವೆತ, ಬ್ರೇಕ್ ಒತ್ತಿದಾಗ ಕಾರಿನ ಮೂತಿ ಅತಿಯಾಗಿ ಕುಸಿಯುವುದು ಇದರ ಲಕ್ಷಣಗಳು. ಹಿಂದಿನ ಸೀಟಿನಲ್ಲಿರುವ ವೃದ್ಧ ತಂದೆತಾಯಿಗಳ ಬೆನ್ನಿಗೆ ಮಾತ್ರವಲ್ಲ, ಎದುರಿನಲ್ಲಿ ರಸ್ತೆ ದಾಟುತ್ತಿರುವ ಅಪರಿಚಿತನ ಪ್ರಾಣಕ್ಕೂ ಇದು ಸಂಬಂಧಿಸಿದ ವಿಷಯ.

ಅಂಬಾಸಡರ್ ಕಾಲದಲ್ಲಿ ಹಿಂಬದಿಯ ಲೀಫ್ ಸ್ಪ್ರಿಂಗ್ ಮುರಿದರೆ ಆ ಒಂದು ಪಟ್ಟಿಯನ್ನು ಬದಲಿಸಿಕೊಂಡು ಮುಂದೆ ಸಾಗಬಹುದಿತ್ತು. 1983ರ ಕೊನೆಯಲ್ಲಿ ಬಂದ ಮಾರುತಿ 800 ಮತ್ತು ಆನಂತರದ ಬಹುಪಾಲು ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಇಲ್ಲಿ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಎರಡೂ ಒಂದೇ ಕಂಬದಲ್ಲಿದ್ದು, ಚಕ್ರ ತಿರುಗುವುದೂ ಅದರ ಆಧಾರದಲ್ಲೇ. ಹೀಗಾಗಿ ಆಯ್ಕೆಯಲ್ಲಿ ಕೆಲವು ನಿಯಮಗಳನ್ನು ಪಾಲಿಸುವುದು ಒಳಿತು.

ಮೊದಲನೆಯದಾಗಿ, ಎಡಬಲಗಳನ್ನು ಜೊತೆಯಾಗಿಯೇ ಬದಲಿಸಬೇಕು. ಒಂದು ಹೊಸತು, ಒಂದು ಹಳತು ಇದ್ದರೆ ಕಾರು ಒಂದೇ ಸಮನಾಗಿ ನಿಲ್ಲದು. ಎರಡನೆಯದಾಗಿ, ಸ್ಟ್ರಟ್ ಬಿಚ್ಚಿದಾಗಲೇ ಮೇಲಿನ ಮೌಂಟ್, ಬಂಪ್ ಸ್ಟಾಪ್, ಧೂಳು ತಡೆಯುವ ರಬ್ಬರ್ ಕವಚಗಳನ್ನೂ ಹೊಸತು ಹಾಕಿಸಬೇಕು. ಇವುಗಳ ಬೆಲೆ ಕಡಿಮೆ. ಮತ್ತೆ ಬಿಚ್ಚಿಸುವ ಕೂಲಿಯೇ ಹೆಚ್ಚು. ಸದ್ದಿಗೆ ಕಾರಣ ಎಷ್ಟೋ ಸಲ ಲೋವರ್ ಆರ್ಮ್‌ನ ಬುಷ್ ಅಥವಾ ಬಾಲ್ ಜಾಯಿಂಟ್ ಆಗಿರುತ್ತದೆ. ಅದನ್ನು ನೋಡದೆ ಶಾಕ್ ಅಬ್ಸಾರ್ಬರ್ ಬದಲಿಸಿದರೆ ಸದ್ದು ಉಳಿದು ಹಣ ಹೋಗುತ್ತದೆ. ಮೂರನೆಯದಾಗಿ, ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ಚಕ್ರಗಳ ಮೇಲೆ ನಿಂತಿರುವಾಗ ಅಂತಿಮವಾಗಿ ಬಿಗಿಯಬೇಕು. ಜಾಕ್ ಮೇಲೆ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಕೆಲಸ ಮುಗಿದ ಮೇಲೆ ವ್ಹೀಲ್ ಅಲೈನ್‌ಮೆಂಟ್ ತಪ್ಪಿಸಬಾರದು.

ಯಾವ ಬಗೆಯದನ್ನು ಕೊಳ್ಳಬೇಕು? ಕಾರು ತಯಾರಕರ ಮೂಲ ಭಾಗ, ಇಲ್ಲವೇ ಅದೇ ಮಾದರಿಗೆಂದು ಹೆಸರಾಂತ ಬಿಡಿಭಾಗ ಕಂಪನಿ ತಯಾರಿಸಿದ್ದು ಸಾಕು. ಎಣ್ಣೆಯ ಜೊತೆಗೆ ಕಡಿಮೆ ಒತ್ತಡದ ಅನಿಲ ತುಂಬಿದವು ಸತತ ಕುಲುಕಾಟದಲ್ಲಿ ಎಣ್ಣೆ ನೊರೆಗಟ್ಟದಂತೆ ನೋಡಿಕೊಳ್ಳುತ್ತವೆ. ಬೆಸುಗೆ ಹಾಕಿ, ಎಣ್ಣೆ ತುಂಬಿ ಹೊಸದಾಗಿಸಿದವುಗಳನ್ನು ಮುಂಭಾಗಕ್ಕಂತೂ ಒಪ್ಪಬಾರದು. ಹಂಪ್‌ಗೆ ತಳ ತಾಗುತ್ತದೆಂದು ಸ್ಪ್ರಿಂಗ್‌ಗಳ ಸುರುಳಿಯ ನಡುವೆ ರಬ್ಬರ್ ತುಂಡು ತುರುಕಿಸುವುದು ಅಥವಾ ಎತ್ತರದ ಗಡಸು ಸ್ಪ್ರಿಂಗ್ ಹಾಕಿಸುವುದು ಈಗ ರೂಢಿಯಾಗಿದೆ. ಇದರಿಂದ ಕಾರಿನ ತೂಕದ ಕೇಂದ್ರ ಮೇಲೇರುತ್ತದೆ, ಪೆಟ್ಟು ನೇರವಾಗಿ ಬಾಡಿಗೆ ಬೀಳುತ್ತದೆ. ಹಿಂಬದಿ ತಗ್ಗಿದ್ದರೆ ದಣಿದ ಸ್ಪ್ರಿಂಗ್ ಬದಲಿಗೆ ಮೂಲ ಅಳತೆಯ ಹೊಸ ಸ್ಪ್ರಿಂಗ್ ಹಾಕಿಸುವುದೇ ಪರಿಹಾರ.

ದುರಸ್ತಿಯಲ್ಲಿಯೂ ಅಕರ್‌ಲಾಫ್ ಹೇಳಿದ ಮಾಹಿತಿಯ ಅಸಮತೋಲನವಿದೆ. ಇಲ್ಲಿ ಕತ್ತಲಲ್ಲಿರುವವನು ಮಾಲೀಕ. ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ಪಡೆಯುವುದು, ಪೊಟ್ಟಣದ ಮೇಲಿನ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸುವುದು ಇದಕ್ಕೆ ಸುಲಭ ಮದ್ದು. ತೆರಿಗೆ ಉಳಿಸಲು ಬಿಲ್ಲಿಲ್ಲದೆ ಕೊಂಡರೆ ನಕಲಿ ಮಾಲಿಗೆ ನಾವೇ ಬಾಗಿಲು ತೆರೆದಂತೆ. ವಾಹನ ಬಿಡಿಭಾಗಗಳ ಮೇಲೆ ಶೇ 28ರಷ್ಟಿದ್ದ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿಸಿರುವುದರಿಂದ ಆ ನೆಪವೂ ದುರ್ಬಲವಾಗಿದೆ.

ಕೊನೆಯದಾಗಿ, ಈ ವೆಚ್ಚದ ಒಂದು ಭಾಗಕ್ಕೆ ಮಾಲೀಕ ಹೊಣೆಯೇ ಅಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ 1988ರ ತನ್ನ ಮಾರ್ಗಸೂಚಿಯಲ್ಲೇ, ಗಂಟೆಗೆ 25 ಕಿ.ಮೀ. ವೇಗಕ್ಕೆ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರವಿದ್ದು ಕಮಾನಿನಂತೆ ದುಂಡಗಿರಬೇಕೆಂದು ಹೇಳಿದೆ. ಬೆಂಗಳೂರಿನ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಗಿಡ್ಡ ಗೋಡೆಗಳಿಗೂ ಈ ಅಳತೆಗೂ ಸಂಬಂಧವಿಲ್ಲ. ಅಡ್ಡಾದಿಡ್ಡಿ ಹಂಪು, ಮುಚ್ಚದ ಗುಂಡಿ ಇವು ಯಾವ ಬಜೆಟ್ಟಿನಲ್ಲೂ ಕಾಣದ ತೆರಿಗೆ. ಸಾರ್ವಜನಿಕ ಕಾಮಗಾರಿಯಲ್ಲಿ ಉಳಿಸಿದ ಹಣವನ್ನು ಲಕ್ಷಾಂತರ ಮನೆಗಳು ಗ್ಯಾರೇಜಿನಲ್ಲಿ ತೆರುತ್ತವೆ. ನಗರಾಡಳಿತ 2025ರಲ್ಲಿ ಐದು ಪಾಲಿಕೆಗಳಾಗಿ ಹಂಚಿಕೆಯಾಗಿದೆ. ಪ್ರತಿ ಪಾಲಿಕೆಯೂ ತನ್ನ ವ್ಯಾಪ್ತಿಯ ಹಂಪ್‌ಗಳನ್ನು ಅಳೆಸಿ, ಅಳತೆಗೆ ಹೊಂದದವನ್ನು ತೆಗೆಸಲಿ. ಅದಕ್ಕೆ ಹೊಸ ಕಾನೂನು ಬೇಡ, ಒಂದು ಅಳತೆಪಟ್ಟಿ ಸಾಕು. ಅಲ್ಲಿಯವರೆಗೆ ನಾಗರಿಕರು ತಮ್ಮ ಕೈಯಲ್ಲಿರುವ ಕೆಲಸವನ್ನಾದರೂ ಅರೆಬರೆ ಮಾಡದೆ, ಹಳೆಯ ಕಾರಿಗೆ ಸರಿಯಾದ ಭಾಗವನ್ನು ಸರಿಯಾಗಿ ಹಾಕಿಸಿಕೊಳ್ಳುವುದು ವಿವೇಕ.