ಹೆಸರಿದ್ದರೆ ಸಾಲದು, ದುಡಿಮೆಯ ಪಾಲೂ ಇರಬೇಕು



ಸಂಜೆ ಕಾಲೇಜುಗಳಲ್ಲಿ ಒಂದು ಮಾತು ರೂಢಿಯಾಗಿಬಿಟ್ಟಿದೆ. ನಾಲ್ಕೈದು ಜನ ಸೇರಿ ಪ್ರಾಜೆಕ್ಟ್ ವರದಿ ಬರೆಯಬೇಕಾದಾಗ, ಹಗಲೆಲ್ಲ ಅಂಗಡಿಯಲ್ಲೋ ಗಾರ್ಮೆಂಟ್ಸಿನಲ್ಲೋ ದುಡಿದು ಬರುವ ಗೆಳೆಯನಿಗೆ ಉಳಿದವರು, "ನಿನಗೆ ಬಿಡುವಿಲ್ಲ, ಪ್ರಿಂಟು-ಬೈಂಡಿಂಗ್ ಖರ್ಚು ನೋಡಿಕೋ, ಹೆಸರು ಹಾಕ್ತೀವಿ" ಎನ್ನುತ್ತಾರೆ. ಕೇಳುವುದಕ್ಕೆ ಇದು ಉಪಕಾರ. ನಿಜದಲ್ಲಿ ಎಲ್ಲರಿಗೂ ನಷ್ಟ. ದುಡ್ಡು ಕೊಟ್ಟವನು ಏನನ್ನೂ ಕಲಿಯಲಿಲ್ಲ. ಬರೆದವರು ಅವನ ಭಾರವನ್ನೂ ಹೊತ್ತರು. ಅಂಕ ಮಾತ್ರ ಎಲ್ಲರಿಗೂ ಒಂದೇ.

ಇದರ ಇನ್ನೊಂದು ಮುಖವೂ ಇದೆ. ಹಗಲು ಕಾಲೇಜುಗಳಲ್ಲಿ ಮುಂಜಾನೆ ಪೇಪರ್ ಹಾಕಿ, ಸಂಜೆ ಡೆಲಿವರಿಗೆ ಹೋಗುವ ಹುಡುಗರಿದ್ದಾರೆ. "ಕ್ಲಾಸು ಮುಗಿದ ಮೇಲೆ ಸೇರೋಣ" ಎಂದು ತೀರ್ಮಾನಿಸುವಾಗ ಅವರನ್ನು ಯಾರೂ ಕೇಳುವುದಿಲ್ಲ. ಎರಡು ಸಲ ತಪ್ಪಿಸಿಕೊಂಡರೆ ಸೋಮಾರಿ ಎಂಬ ಹೆಸರು ಬರುತ್ತದೆ. ಮೂರನೆಯ ಸಲಕ್ಕೆ ಗುಂಪಿನಿಂದಲೇ ಹೊರಗೆ.

ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಮಾರಯ್ಯನನ್ನು ಹಿಂದಕ್ಕೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನಮಗೆಲ್ಲ ತಿಳಿದದ್ದೇ. ದುಡಿಯದೆ ಬಂದ ಅಂಕವೂ ಅಂಥ ಹೆಚ್ಚುವರಿ ಅಕ್ಕಿಯೇ. ಆದರೆ ಅಕ್ಕಿ ಆಯುವ ಅವಕಾಶವನ್ನೇ ತಪ್ಪಿಸಿ, ಬರಿಗೈಲಿ ಬಂದನೆಂದು ದೂರುವುದೂ ನ್ಯಾಯವಲ್ಲ.

2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಒಂದು ಕ್ರೆಡಿಟ್ಟಿಗೆ 30 ಗಂಟೆಗಳ ಕಲಿಕೆಯನ್ನು ಲೆಕ್ಕ ಹಾಕುತ್ತದೆ. ಎರಡು ಕ್ರೆಡಿಟ್ಟಿನ ಪ್ರಾಜೆಕ್ಟ್ ಎಂದರೆ ಒಬ್ಬೊಬ್ಬರಿಗೆ 60 ಗಂಟೆ. ಒಬ್ಬರ 60 ಗಂಟೆಯನ್ನು ಇನ್ನೊಬ್ಬರು ತುಂಬಿಕೊಡಲಾಗದು. ಆದರೆ ನಾಲ್ವರ ದುಡಿಮೆಯೂ ಒಂದೇ ಹೊತ್ತಿನಲ್ಲಿ, ಒಂದೇ ಮೇಜಿನ ಸುತ್ತ ನಡೆಯಬೇಕೆಂದೇನಿಲ್ಲ. ದುಡಿಯುವ ವಿದ್ಯಾರ್ಥಿಗೆ ಬೇಕಾದದ್ದು ಕೆಲಸದಿಂದ ವಿನಾಯಿತಿಯಲ್ಲ, ತನ್ನ ಹೊತ್ತಿನಲ್ಲಿ ತನ್ನ ಪಾಲು ಮಾಡುವ ಅವಕಾಶ.

ಅದಕ್ಕೆ ದೊಡ್ಡ ಏರ್ಪಾಡು ಬೇಡ. ಮೊದಲ ದಿನವೇ ಒಂದು ಹಾಳೆಯಲ್ಲಿ ಯಾರಿಗೆ ಯಾವಾಗ ಬಿಡುವು, ಯಾರ ಪಾಲು ಯಾವುದು, ಯಾವ ತಾರೀಖಿಗೆ ಎಂದು ಬರೆದು, ಎಲ್ಲರೂ ಸಹಿ ಹಾಕಿ ಅಧ್ಯಾಪಕರಿಗೆ ಕೊಡಲಿ. ಪಾಲು ಹಂಚುವಾಗ ಒಬ್ಬರಿಗೆ ಟೈಪಿಂಗ್, ಒಬ್ಬರಿಗೆ ಬೈಂಡಿಂಗ್ ಎಂದಾಗದೆ, ಪ್ರತಿಯೊಬ್ಬರಿಗೂ ಯೋಚಿಸಿ ಬರೆಯುವ ಒಂದು ಭಾಗವಿರಲಿ. ಸೇರಲೇಬೇಕಾದ ಚರ್ಚೆಗೆ ತರಗತಿಯ ಅವಧಿಯಲ್ಲೇ ಜಾಗ ಸಿಗಲಿ. ಉಳಿದ ತೀರ್ಮಾನಗಳನ್ನು ವಾಟ್ಸಾಪ್ ಗುಂಪಿನಲ್ಲಿ ಎರಡು ಸಾಲು ಬರೆದು, ಉತ್ತರಿಸಲು ಒಂದು ದಿನ ಬಿಡಲಿ. ರಾತ್ರಿ ಪಾಳಿ ಮುಗಿಸಿ ಬಂದವನೂ ಆಗ ಮಾತಾಡಬಲ್ಲ. ಖರ್ಚನ್ನು ಮಾತ್ರ ಎಲ್ಲರೂ ಸಮನಾಗಿ ಹಂಚಿಕೊಳ್ಳಲಿ.

ಅಂಕದ ವಿಷಯ ಅಧ್ಯಾಪಕರ ಕೈಯಲ್ಲಿದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ 1913ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಗ್ಗ ಎಳೆಯುವವರು ಹೆಚ್ಚಿದಂತೆ ಒಬ್ಬೊಬ್ಬರ ಎಳೆತ ತಗ್ಗುತ್ತಿದ್ದುದು ಕಂಡಿತ್ತು. ಗುಂಪಿನ ಮರೆಯಲ್ಲಿ ಕೈ ಸಡಿಲಿಸುವುದು ನೌಕರಿ ಮಾಡುವವರದೊಂದೇ ದೋಷವಲ್ಲ, ಮನುಷ್ಯ ಸ್ವಭಾವ. ಆದ್ದರಿಂದ 20 ಅಂಕವಿದ್ದರೆ 8 ಗುಂಪಿನ ವರದಿಗೆ, 12 ಒಬ್ಬೊಬ್ಬರ ಪಾಲಿಗೆ ಎಂದಿಡಬಹುದು. ಪ್ರತಿಯೊಬ್ಬರನ್ನೂ ಐದು ನಿಮಿಷ ಕೂರಿಸಿ ಪ್ರಶ್ನಿಸಿದರೆ ಯಾರು ದುಡಿದರೆಂಬುದು ತಿಳಿಯುತ್ತದೆ. ಪಾಳಿ ಬದಲಾಗಿ ತೊಡಕಾದರೆ ಹೇಳಿಕೊಳ್ಳಲು ಅರ್ಧ ಅವಧಿಗೊಮ್ಮೆ ವಿಚಾರಣೆ ನಡೆಯಲಿ. ವರದಿ ಒಪ್ಪಿಸಿದ ಮೇಲೆ ಬರುವ ದೂರಿನಿಂದ ಮನಸ್ತಾಪವಷ್ಟೇ ಉಳಿಯುತ್ತದೆ. ಯಾವ ರೀತಿಯಲ್ಲೂ ಹೊಂದದವರಿಗೆ ಅಷ್ಟೇ ತೂಕದ ಕೆಲಸವನ್ನು ಒಬ್ಬರೇ ಮಾಡುವ ಆಯ್ಕೆ ಇರಲಿ.

ಇದರಿಂದ ಅಧ್ಯಾಪಕರಿಗೆ ಹೊರೆ ಹೆಚ್ಚುತ್ತದೆ ಎಂಬುದು ನಿಜ. ಅರವತ್ತು ಜನರ ತರಗತಿಯಲ್ಲಿ ಐದೈದು ನಿಮಿಷವೆಂದರೂ ಐದು ಗಂಟೆ. ಆ ಐದು ಗಂಟೆಯನ್ನು ವೇಳಾಪಟ್ಟಿಯಲ್ಲೇ ಸೇರಿಸಿಕೊಡುವುದು ಆಡಳಿತ ಮಂಡಳಿಯ ಕರ್ತವ್ಯ.

ನಮ್ಮ ಎಷ್ಟೋ ಮಠಗಳು ಶಾಲೆ-ಕಾಲೇಜು ಕಟ್ಟಿ, ಬಡ ಮಕ್ಕಳಿಗೆ ಅನ್ನ ಮತ್ತು ಆಸರೆ ಕೊಟ್ಟು ಓದಿಸಿವೆ. ಇಂದು ಆ ಮಕ್ಕಳಲ್ಲಿ ಹಲವರು ಮನೆಯನ್ನೂ ಸಾಕುತ್ತಾ ಓದುತ್ತಿದ್ದಾರೆ. ಕಾಯಕವನ್ನು ಪೂಜೆಯೆಂದು ಬೋಧಿಸುವ ಸಂಸ್ಥೆಯಲ್ಲಿ, ಕಾಯಕ ಮಾಡುತ್ತಿದ್ದಾನೆ ಎಂಬ ಕಾರಣಕ್ಕೇ ಒಬ್ಬ ವಿದ್ಯಾರ್ಥಿ ಹಿಂದೆ ಬೀಳಬಾರದು. ನಮ್ಮ ಸಂಸ್ಥೆಗಳ ಪ್ರಾಚಾರ್ಯರು ಬರುವ ಸೆಮಿಸ್ಟರಿನಲ್ಲಿ ಒಂದೇ ಒಂದು ವಿಷಯದಲ್ಲಾದರೂ ಇದನ್ನು ಮಾಡಿ ನೋಡಲಿ. ಆ ಸಹಿಯ ಹಾಳೆಯಿಂದಲೇ ಆರಂಭವಾಗಲಿ.