ತೆರೆದ ಬಾಯಿಯ ಕೊಳವೆಬಾವಿ

ಇಂಡಿ ತಾಲೂಕಿನ ಲಚ್ಯಾಣದಲ್ಲಿ 2024ರ ಎಪ್ರಿಲ್ 3ರ ಸಂಜೆ ಕೂಸೊಂದು ತೆರೆದ ಕೊಳವೆಬಾವಿಗೆ ಬಿದ್ದಿತು. ಸುಮಾರು 20 ತಾಸಿನ ಬಳಿಕ ಅದನ್ನು ಜೀವಂತವಾಗಿ ಮೇಲೆತ್ತಿದರು. ನಾಡೆಲ್ಲ ನಿಟ್ಟುಸಿರು ಬಿಟ್ಟಿತು, ಆಮೇಲೆ ಮರೆಯಿತು. 2014ರಲ್ಲಿ ಇದೇ ಜಿಲ್ಲೆಯ ನಾಗಠಾಣದಲ್ಲಿ ಹೀಗೆಯೇ ಬಿದ್ದ ಬಾಲೆ ಬದುಕಿ ಬರಲಿಲ್ಲವೆಂಬುದನ್ನು ಅಂದು ನೆನೆದವರೆಷ್ಟು ಮಂದಿ?

ಇದನ್ನು ಹಣೆಬರಹವೆಂದು ಬಿಟ್ಟುಬಿಡುವುದು ನಮ್ಮ ಕಡೆಯ ವಾಡಿಕೆ. ನಾನು ಒಪ್ಪಲಾರೆ. ಇಂಡಿಯ ನಿಂಬೆತೋಟಗಳಿಂದ ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಹೊಲಗಳವರೆಗೆ ರೈತನು ಸಾಲ ಮಾಡಿ ಬೋರು ಕೊರೆಸುತ್ತಾನೆ. ನೀರು ಬೀಳದಿದ್ದರೆ, ಕೇಸಿಂಗ್ ಪೈಪಾದರೂ ಉಳಿಯಲೆಂದು ಅದನ್ನು ಕಿತ್ತುಕೊಳ್ಳುತ್ತಾನೆ. ಯಂತ್ರದ ಲಾರಿ ಮುಂದಿನ ಊರಿಗೆ ಹೊರಟುಹೋಗುತ್ತದೆ. ಹೊಲದಲ್ಲಿ ಉಳಿಯುವುದು ಗೇಣಿಗೂ ಕಿರಿದಾದ ಒಂದು ರಂಧ್ರ.

ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಎಲ್ಲವನ್ನೂ ಬಿಡಿಸಿ ಹೇಳಿದೆ: ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ಲಿಖಿತ ಸೂಚನೆ, ಕೆಲಸ ನಡೆಯುವಾಗ ಸುತ್ತ ಮುಳ್ಳುತಂತಿ, ಬಾಯಿಗೆ ಭದ್ರವಾದ ಉಕ್ಕಿನ ಮುಚ್ಚಳ, ಕೈಬಿಟ್ಟ ಬಾವಿಗೆ ತಳದಿಂದ ಮಣ್ಣು ಮರಳು ತುಂಬುವುದು. ಇದರಲ್ಲಿ ಬಡವನ ಕೈಗೆ ಎಟುಕದ್ದು ಯಾವುದು?

ಇನ್ನು ದಂಡಸಂಹಿತೆ. ನಿರ್ಲಕ್ಷ್ಯದಿಂದ ಸಾವು ತಂದವನಿಗೆ ಹಳೆಯ 304ಎ ಕಲಮು 2 ವರುಷದವರೆಗೆ ಸೆರೆ ವಿಧಿಸುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಅದನ್ನು 5 ವರುಷಕ್ಕೆ ಏರಿಸಿದೆ. ಆದರೆ ನಾನು ಬೆರಳಿಟ್ಟು ತೋರಿಸುವುದು 125ನೆಯ ಕಲಮನ್ನು. ದುಡುಕಿನಿಂದಲೋ ಅಲಕ್ಷ್ಯದಿಂದಲೋ ಪರರ ಪ್ರಾಣಕ್ಕೆ ಅಪಾಯ ಒಡ್ಡಿದರೆ ಸಾಕು, ಯಾರಿಗೂ ಗಾಯವಾಗಬೇಕೆಂದಿಲ್ಲ. 3 ತಿಂಗಳವರೆಗೆ ಸೆರೆ, ಇಲ್ಲವೆ 2,500 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಕಾನೂನಿನಂತೆ ಮಾಡಬೇಕಾದುದನ್ನು ಮಾಡದೆ ಬಿಡುವುದೂ ಕಾನೂನಿನ ದೃಷ್ಟಿಯಲ್ಲಿ ಕೃತ್ಯವೇ. ಅಂದಮೇಲೆ ಕೂಸು ಬೀಳುವವರೆಗೆ ಪೋಲೀಸರು ಕಾಯುವುದೇಕೆ? (ದಂಡದ ಮೊತ್ತ ಅತ್ಯಲ್ಪವೆಂಬುದು ಬೇರೆ ಮಾತು.)

ಕೊರೆಸಿದವನು ಕೆಲವೊಮ್ಮೆ ಕೂಸಿನ ಮನೆಯವನೇ ಆಗಿರುತ್ತಾನೆ. ದುಃಖದ ಮೇಲೆ ದಂಡವೇ ಎಂದು ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅವನಿಗೆ ದಯೆ ತೋರುವುದನ್ನು ನಾನು ನ್ಯಾಯಾಧೀಶರ ವಿವೇಕಕ್ಕೆ ಬಿಡುತ್ತೇನೆ. ಆದರೆ ನೆಲ ಕೊರೆಯುವುದನ್ನೇ ಕಸುಬಾಗಿಸಿಕೊಂಡು, ಅಪಾಯವನ್ನು ಚೆನ್ನಾಗಿ ಬಲ್ಲ ಯಂತ್ರದ ಮಾಲೀಕನಿಗೆ ಯಾವ ದುಃಖದ ಮರೆಯಿದೆ? ಮೊದಲ ಮೊಕದ್ದಮೆ ಅವನ ಮೇಲೆ ನಡೆಯಲಿ; ಹಣ ಎಣಿಸಿಕೊಳ್ಳುವ ಮುನ್ನ ಬಾಯಿ ಮುಚ್ಚಿಸುವ ಹೊಣೆ ಅವನದು. ಎರಡನೆಯವನು, ಸೂಚನೆ ಕೈಗೆ ಬಂದೂ ಹೊಲಕ್ಕೆ ಕಾಲಿಡದ ಅಧಿಕಾರಿ.