ಬಟ್ಟಲನ್ನು ಬೈದರೇನು ಬಂತು?

ಬಟ್ಟಲಿನಿಂದ ಚೀಟಿ ಎತ್ತಿ ಶಾಸಕರನ್ನು ಆರಿಸುವುದು ಪ್ರಜಾಪ್ರಭುತ್ವದ ಅಣಕ ಎಂದು ಅಮೆರಿಕದ ವರ್ಜೀನಿಯಾ ರಾಜ್ಯದ ಶಾಸನಸಭೆಯ 94ನೇ ಕ್ಷೇತ್ರವನ್ನು ಮುಂದಿಟ್ಟು ಅಂಕಣಕಾರರು ಗುಡುಗಿದ್ದಾರೆ. ಗುರಿ ತಪ್ಪಿದೆ. ಅಲ್ಲಿನ 2017ರ ಚುನಾವಣೆಯ ಮರುಎಣಿಕೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಶೆಲ್ಲಿ ಸೈಮಂಡ್ಸ್ ಒಂದೇ ಮತದಿಂದ ಮುಂದಿದ್ದರು. ಮರುದಿನ ನ್ಯಾಯಾಧೀಶರ ಮುಂದೆ ಒಂದು ಮತಪತ್ರ ಬಂತು: ಇಬ್ಬರ ಹೆಸರಿಗೂ ಗುರುತು, ಸೈಮಂಡ್ಸ್ ಗುರುತಿನ ಮೇಲೆ ಅಡ್ಡಗೀಟು. ಅದನ್ನು ಅವರು ರಿಪಬ್ಲಿಕನ್ ಪಕ್ಷದ ಡೇವಿಡ್ ಯಾನ್ಸಿ ಲೆಕ್ಕಕ್ಕೆ ಸೇರಿಸಿದರು; ಇಬ್ಬರಿಗೂ ತಲಾ 11,608 ಮತ, ಸಮಬಲ. ಜಗಳ ಆಡಬೇಕಾದದ್ದು ಆ ಗೀಟಿನ ಬಗ್ಗೆ. ಸಮಬಲ ಮುರಿಯಲು ಬಟ್ಟಲಿನಿಂದ ಎತ್ತಿದ ಚೀಟಿ ಯಾನ್ಸಿಗೆ ಒಲಿಯಿತು, ಸದನದ ಬಲಾಬಲ ರಿಪಬ್ಲಿಕನ್ನರ ಪರ 51–49 ಆಯಿತು. ಸಮ ಬಿದ್ದರೆ ಮರುಚುನಾವಣೆ ನಡೆಸಿ ಎನ್ನುತ್ತಾರೆ ಈ ಅಂಕಣಕಾರರು. ಯಾರಿಗಾಗಿ? ಮೊದಲ ಸಲ ಮನೆಯಲ್ಲೇ ಕೂತವರಿಗಾಗಿಯೇ? ಅಷ್ಟಕ್ಕೂ ನಮ್ಮ 1951ರ ಜನಪ್ರತಿನಿಧಿ ಕಾಯ್ದೆಯ 65ನೇ ಸೆಕ್ಷನ್ನೂ ಚೀಟಿ ಎತ್ತಿ ಎಂದೇ ಹೇಳುತ್ತದೆ.